ಲಾರಿ ಹೊಗೆ ತಪಾಸಣೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ತಪಾಸಣೆಯ ಹಿಂದಿನ ದಿನ ಚೆಕ್ ಎಂಜಿನ್ ದೀಪ ಹೊತ್ತಿಕೊಂಡಿತು. ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ ದೋಷದ ಕೋಡ್ ಅಳಿಸಿದರು, ದೀಪ ಆರಿತು. ಆದರೂ ಕೇಂದ್ರದವರು ‘ಮಾನಿಟರ್ ಪೂರ್ಣವಾಗಿಲ್ಲ’ ಎಂದು ವಾಪಸು ಕಳಿಸಿದರು. ದೀಪವೇ ಇಲ್ಲದ ಮೇಲೆ ಇನ್ನೇನು ತಕರಾರು?

ಉತ್ತರ: ತಕರಾರು ಶುರುವಾಗಿದ್ದೇ ಅಳಿಸಿದ್ದರಿಂದ. ಒಬಿಡಿ, ಅಂದರೆ ಸ್ವಯಂ ತಪಾಸಣಾ ವ್ಯವಸ್ಥೆ ಇರುವ ಲಾರಿಯಲ್ಲಿ ಎಂಜಿನ್ ಕಂಪ್ಯೂಟರ್ ತನ್ನ ಹೊಗೆ ನಿಯಂತ್ರಣ ಭಾಗಗಳನ್ನು ತಾನೇ ಒಂದೊಂದಾಗಿ ಪರೀಕ್ಷಿಸಿಕೊಳ್ಳುತ್ತದೆ: ಎಸ್‌ಸಿಆರ್ ಕ್ಯಾಟಲಿಸ್ಟ್ (ಯೂರಿಯಾ ದ್ರಾವಣದಿಂದ ನಾಕ್ಸ್ ತಗ್ಗಿಸುವ ಭಾಗ), ಡಿಪಿಎಫ್ (ಮಸಿ ಹಿಡಿಯುವ ಫಿಲ್ಟರ್), ಇಜಿಆರ್ (ಹೊಗೆಯ ಸ್ವಲ್ಪ ಭಾಗವನ್ನು ಎಂಜಿನ್ನಿಗೆ ಮರಳಿಸುವ ವ್ಯವಸ್ಥೆ), ನಾಕ್ಸ್ (ನೈಟ್ರೋಜನ್ ಆಕ್ಸೈಡ್) ಸೆನ್ಸರ್, ಟರ್ಬೊ ಒತ್ತಡ. ಈ ಒಂದೊಂದು ಪರೀಕ್ಷೆಗೂ ‘ಮಾನಿಟರ್’ ಎಂದು ಹೆಸರು. ಸ್ಕ್ಯಾನರ್‌ನಿಂದ ಕೋಡ್ ಅಳಿಸಿದರೆ ಅದುವರೆಗಿನ ಫಲಿತಾಂಶಗಳೂ ಅಳಿಸಿ ಹೋಗಿ, ಎಲ್ಲವೂ ‘ಅಪೂರ್ಣ’ ಸ್ಥಿತಿಗೆ ಮರಳುತ್ತವೆ. ಕೆಲವು ಲಾರಿಗಳಲ್ಲಿ ಬ್ಯಾಟರಿ ಕಳಚಿಟ್ಟರೂ ಹೀಗೇ ಆಗುತ್ತದೆ. ತಪಾಸಣೆಯ ಉಪಕರಣ ದೀಪವನ್ನು ಮಾತ್ರ ನೋಡುವುದಿಲ್ಲ. ಕೋಡ್ ಅಳಿಸಿದ ಮೇಲೆ ಎಂಜಿನ್ ಎಷ್ಟು ಸಲ ಬಿಸಿಯಾಗಿದೆ ಎಂಬುದನ್ನೂ ಓದುತ್ತದೆ.

ಮತ್ತೆ ಪೂರ್ಣಗೊಳಿಸಲು ಲಾರಿ ಓಡಲೇಬೇಕು, ಅದೂ ಹೊರೆ ಹೊತ್ತು. ಎಸ್‌ಸಿಆರ್ ಮಾನಿಟರ್‌ಗೆ ಹೊಗೆಯ ಬಿಸಿ ಸುಮಾರು 250 ಡಿಗ್ರಿ ಸೆಲ್ಸಿಯಸ್ ದಾಟಿ ಸ್ಥಿರವಾಗಿ ನಿಲ್ಲಬೇಕು. ನಿಂತಲ್ಲೇ ಐಡ್ಲಿಂಗ್ ಮಾಡಿದರೆ ಅದು ಆಗದು. ಡಿಪಿಎಫ್ ಮಾನಿಟರ್ ಅನೇಕ ಎಂಜಿನ್‌ಗಳಲ್ಲಿ ಒಂದು ಪೂರ್ತಿ ರೀಜನರೇಷನ್ (ಕೂತ ಮಸಿಯನ್ನು ಉರಿಸಿ ತೆಗೆಯುವುದು) ಮುಗಿಯುವ ತನಕ ಕಾಯುತ್ತದೆ. ಕೆಲವು ಸೆನ್ಸರ್ ಪರೀಕ್ಷೆಗಳಿಗೆ ಎಂಜಿನ್ ರಾತ್ರಿಯಿಡೀ ತಣ್ಣಗಾಗಿ, ಬೆಳಿಗ್ಗೆ ಚಾಲೂ ಆಗಬೇಕು. ಹಾಗಾಗಿ ರಿಪೇರಿಯ ನಂತರ ಕೆಲವು ದಿನ ಲೋಡ್ ಹಾಕಿ ಹೆದ್ದಾರಿಯಲ್ಲಿ ಓಡಿಸಿ, ಸ್ಕ್ಯಾನರ್‌ನಲ್ಲಿ ಮಾನಿಟರ್‌ಗಳ ಸ್ಥಿತಿ ನೋಡಿಕೊಂಡೇ ಕೇಂದ್ರಕ್ಕೆ ಹೋಗಿ.

ಶಾಶ್ವತ ಕೋಡ್ ಎಂಬುದೂ ಒಂದಿದೆ. ಇದನ್ನು ಯಾವ ಸ್ಕ್ಯಾನರ್‌ನಿಂದಲೂ ಅಳಿಸಲು ಬರುವುದಿಲ್ಲ. ದೋಷ ನಿಜವಾಗಿ ಸರಿಯಾಗಿ, ಸಂಬಂಧಪಟ್ಟ ಮಾನಿಟರ್ ಓಡಿ ಪಾಸಾದಾಗ ಕಂಪ್ಯೂಟರೇ ತೆಗೆದುಹಾಕುತ್ತದೆ. ಕೋಡ್ ಅಳಿಸಿ ಪಾಸು ಮಾಡಿಸುವ ಚಾಳಿಗೆ ಕಡಿವಾಣ ಹಾಕಲೆಂದೇ ಈ ವ್ಯವಸ್ಥೆ ಬಂದದ್ದು.

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 14,000 ಪೌಂಡ್, ಅಂದರೆ ಸುಮಾರು 6,350 ಕಿಲೋ ಮೀರಿದ ಲಾರಿಗಳಿಗೆ 2024ರ ಅಕ್ಟೋಬರ್‌ನಿಂದ ನಿಯತ ತಪಾಸಣೆ ನಡೆಯುತ್ತಿದೆ. ಅಲ್ಲಿ 2013 ಹಾಗೂ ನಂತರದ ಡೀಸೆಲ್ ಎಂಜಿನ್‌ಗಳಿಗೆ ನಿಯತ ಪರೀಕ್ಷೆಯೆಂದರೆ ಒಬಿಡಿ ಮಾಹಿತಿ ಓದುವುದೇ. ಗಡುವಿಗೆ 90 ದಿನ ಮೊದಲೇ ಫಲಿತಾಂಶ ಸಲ್ಲಿಸಬಹುದು. ಆ 90 ದಿನ ಕೊಟ್ಟಿರುವುದು ನಿಮ್ಮಂಥ ಪ್ರಸಂಗಕ್ಕೆ ಎಂದೇ ತಿಳಿಯಿರಿ. ಯಾವ ಊರಿನ ನಿಯಮವಾದರೂ ಸರಿ, ಕೊನೆಯ ವಾರದವರೆಗೆ ಕಾಯಬೇಡಿ.

ಪ್ರಶ್ನೆ: ನನ್ನದು ಡಿಪಿಎಫ್ ಇಲ್ಲದ ಹಳೆಯ ಲಾರಿ. ಒಂದು ಕೇಂದ್ರದಲ್ಲಿ ಹೊಗೆ 38 ಬಂತು, ಇನ್ನೊಂದರಲ್ಲಿ 52. ಮಿತಿ 50. ಯಾವುದನ್ನು ನಂಬಲಿ? ಚೀಟಿಯಲ್ಲಿ 1.62 ಎಂಬ ಇನ್ನೊಂದು ಅಂಕಿ ಇದೆ, ಅದೇನು?

ಉತ್ತರ: ಎರಡನೆಯದನ್ನು ಮೊದಲು ಮುಗಿಸೋಣ. 50 ಎಂದರೆ ಹೊಗೆ ತಡೆದ ಬೆಳಕಿನ ಶೇಕಡಾವಾರು. 1.62 ಎಂದರೆ ಒಂದು ಮೀಟರ್ ಹೊಗೆ ಎಷ್ಟರ ಮಟ್ಟಿಗೆ ಬೆಳಕನ್ನು ಹೀರುತ್ತದೆ ಎಂಬ ಗುಣಾಂಕ. 0.43 ಮೀಟರ್ ಉದ್ದದ ಕೊಳವೆಯಿರುವ ಮೀಟರಿನಲ್ಲಿ ಇವೆರಡೂ ಒಂದೇ. ಭಾರತದಲ್ಲಿ ಬಿಎಸ್ 4 ಡೀಸೆಲ್ ವಾಹನಕ್ಕೆ 50 ಹಾರ್ಟ್‌ರಿಡ್ಜ್ (ಆ ಶೇಕಡಾವಾರು ಅಳತೆಯ ಹೆಸರು) ಅಥವಾ 1.62, ಅದಕ್ಕೂ ಹಳೆಯದಕ್ಕೆ 65 ಅಥವಾ 2.45. ಯುರೋಪಿನ ನಿಯಮ ಗುಣಾಂಕದಲ್ಲೇ ಮಾತಾಡುತ್ತದೆ: ಯೂರೊ 4 ಮತ್ತು 5ಕ್ಕೆ 1.5, ಯೂರೊ 6ಕ್ಕೆ 0.7.

ಇನ್ನು 38 ಮತ್ತು 52. ಅಷ್ಟು ಅಂತರ ಬರುವುದು ಹೆಚ್ಚಾಗಿ ಪರೀಕ್ಷೆ ಮಾಡಿದ ರೀತಿಯಿಂದ. ಪರೀಕ್ಷೆ ಹೀಗಿರಬೇಕು. ಎಂಜಿನ್ ಆಯಿಲ್ 80 ಡಿಗ್ರಿ ಮುಟ್ಟಿರಬೇಕು, ಗೇರ್ ನ್ಯೂಟ್ರಲ್, ಎಸಿ ಮತ್ತು ಎಂಜಿನ್ ಬ್ರೇಕ್ ಬಂದ್. ಮೊದಲು ಮೂರು ಸಲ ಆಕ್ಸಿಲರೇಟರ್ ಪೂರ್ತಿ ಒತ್ತಿ ಬಿಟ್ಟು ಸೈಲೆನ್ಸರ್‌ನಲ್ಲಿ ಕೂತ ಮಸಿಯನ್ನು ಹೊರಗೆ ಹಾಕಬೇಕು. ಇವನ್ನು ಲೆಕ್ಕಕ್ಕೆ ಹಿಡಿಯುವಂತಿಲ್ಲ. ನಂತರ ಅಳತೆಯ ಒತ್ತುಗಳು: ಪೆಡಲ್ ಒಂದು ಸೆಕೆಂಡಿನೊಳಗೆ ತಳ ಮುಟ್ಟಬೇಕು, ಎಂಜಿನ್ ತನ್ನ ಗರಿಷ್ಠ ವೇಗಕ್ಕೆ ಏರಬೇಕು, ಬಿಟ್ಟ ಮೇಲೆ ಮುಂದಿನ ಒತ್ತಿಗೆ ಮೊದಲು ಭಾರೀ ವಾಹನದಲ್ಲಿ ಕನಿಷ್ಠ 10 ಸೆಕೆಂಡ್ ಐಡಲ್‌ನಲ್ಲಿ ನಿಲ್ಲಬೇಕು. ಹೀಗೆ ಮೂರರ ಸರಾಸರಿ. ಅಮೆರಿಕದ ಎಸ್‌ಎಇ ಜೆ1667 ವಿಧಾನದಲ್ಲಿ ಮೂರರೊಳಗಿನ ಅತಿ ಹೆಚ್ಚು ಮತ್ತು ಅತಿ ಕಡಿಮೆಗಳ ನಡುವೆ 5 ಅಂಕಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಆ ಪರೀಕ್ಷೆ ಲೆಕ್ಕಕ್ಕಿಲ್ಲ.

ಇಲ್ಲಿ ಮೋಸಕ್ಕೂ ಅಚಾತುರ್ಯಕ್ಕೂ ಜಾಗವಿದೆ. ಪೆಡಲ್ ಮೆಲ್ಲಗೆ ಒತ್ತಿದರೆ ಟರ್ಬೊಗೆ ಗಾಳಿ ತುಂಬಲು ಸಮಯ ಸಿಕ್ಕಿ ಹೊಗೆ ಕಡಿಮೆ ಬರುತ್ತದೆ. ಪ್ರೋಬ್ ಅರ್ಧ ಹೊರಗಿದ್ದರೆ ಅಥವಾ ಪೈಪಿನಲ್ಲಿ ತೂತಿದ್ದರೆ ಹೊರಗಿನ ಗಾಳಿ ಬೆರೆತು ಅಂಕಿ ಇಳಿಯುತ್ತದೆ. ತಣ್ಣನೆಯ ಎಂಜಿನ್‌ನಲ್ಲಿ ಏರುತ್ತದೆ. ಮೊದಲ ಮೂರು ಒತ್ತು ಬಿಟ್ಟು ನೇರವಾಗಿ ಅಳೆದರೂ ಏರುತ್ತದೆ. 38 ಬಂದ ಕಡೆ ಪೆಡಲ್ ಹೇಗೆ ಒತ್ತಿದರು ಎಂದು ನೆನಪಿಸಿಕೊಳ್ಳಿ. ಎರಡೂ ಕಡೆ ಕ್ರಮ ಸರಿಯಿದ್ದಿದ್ದರೆ, ನಿಮ್ಮ ಲಾರಿ ಮಿತಿಯ ಅಂಚಿನಲ್ಲಿದೆ ಎಂದು ಭಾವಿಸಿ ಕೆಲಸ ಮಾಡಿಸುವುದೇ ವಾಸಿ.

ಪ್ರಶ್ನೆ: ಹಾಗಾದರೆ ಕಪ್ಪು ಹೊಗೆ ಇಳಿಸಲು ಮೊದಲು ಎಲ್ಲಿ ಕೈ ಹಾಕಬೇಕು? ಎಲ್ಲರೂ ಇಂಜೆಕ್ಟರ್ ಬದಲಿಸಿ ಎನ್ನುತ್ತಾರೆ.

ಉತ್ತರ: ಇಂಜೆಕ್ಟರ್ ಕೊನೆಗೆ. ಕಪ್ಪು ಹೊಗೆ ಎಂದರೆ ಡೀಸೆಲ್ಲಿಗೆ ತಕ್ಕಷ್ಟು ಗಾಳಿ ಸಿಗುತ್ತಿಲ್ಲ ಎಂದರ್ಥ, ಆದ್ದರಿಂದ ಗಾಳಿಯ ದಾರಿಯಿಂದ ಶುರು ಮಾಡಿ. ಏರ್ ಫಿಲ್ಟರ್‌ನ ಎಳೆತ ಟರ್ಬೊ ಎಂಜಿನ್‌ಗಳಲ್ಲಿ ಸಾಮಾನ್ಯವಾಗಿ 25 ಇಂಚು ನೀರಿನ ಒತ್ತಡ, ಅಂದರೆ 6.2 ಕಿಲೋಪಾಸ್ಕಲ್ ಮೀರಬಾರದು. ಮುಂದಿನದು ಟರ್ಬೊದಿಂದ ಬರುವ ಗಾಳಿಯನ್ನು ತಣಿಸುವ ಇಂಟರ್‌ಕೂಲರ್. ಎರಡೂ ಬಾಯಿ ಮುಚ್ಚಿ 2 ಬಾರ್ ಗಾಳಿ ತುಂಬಿ, ಪೂರೈಕೆ ನಿಲ್ಲಿಸಿ 15 ಸೆಕೆಂಡ್ ನೋಡಿ. ಸುಮಾರು 0.35 ಬಾರ್‌ಗಿಂತ ಹೆಚ್ಚು ಇಳಿದರೆ ಸೋರುತ್ತಿದೆ. ಹೋಸ್ ಕ್ಲ್ಯಾಂಪುಗಳ ಸುತ್ತ ಸೋಪಿನ ನೀರು ಹಚ್ಚಿದರೆ ಜಾಗ ಸಿಗುತ್ತದೆ. ಹೋಸ್‌ನ ಒಳಪದರ ಕಿತ್ತು ಗಾಳಿಗೆ ಅಡ್ಡ ನಿಂತಿರುವುದು ಹೊರಗಿನಿಂದ ಕಾಣುವುದೇ ಇಲ್ಲ, ಕಳಚಿಯೇ ನೋಡಬೇಕು. ಆಮೇಲೆ ವಾಲ್ವ್ ಕ್ಲಿಯರೆನ್ಸ್, ಪಂಪಿನ ಟೈಮಿಂಗ್. ಇವೆಲ್ಲ ಸರಿಯಿದ್ದೂ ಹೊಗೆ ಬಂದರೆ ಆಗ ಇಂಜೆಕ್ಟರ್ ಬಿಚ್ಚಿ ಬೆಂಚಿನ ಮೇಲೆ ಪರೀಕ್ಷಿಸಿ.

ನೀಲಿ ಹೊಗೆಯಾದರೆ ಎಂಜಿನ್ ಆಯಿಲ್ ಉರಿಯುತ್ತಿದೆ. ಬಿಸಿಯಾದ ಮೇಲೂ ನಿಲ್ಲದ ಬಿಳಿ ಹೊಗೆಯಾದರೆ ಸರಿಯಾಗಿ ಉರಿಯದ ಡೀಸೆಲ್ ಅಥವಾ ಕೂಲೆಂಟ್. ಅದು ಬೇರೆಯದೇ ರೋಗ.

ಪ್ರಶ್ನೆ: ಯೂರಿಯಾ ದ್ರಾವಣ, ಅಂದರೆ ಡೆಫ್ ತುಂಬಿಸಿದ ಮೇಲೂ ‘ಗುಣಮಟ್ಟ ಕಳಪೆ’ ಎಂಬ ಎಚ್ಚರಿಕೆ ಬರುತ್ತಿದೆ. ಟ್ಯಾಂಕ್ ತುಂಬಿದೆ. ಹೀಗೇ ಓಡಿಸಿದರೆ ಏನಾಗುತ್ತದೆ? ಗೊಬ್ಬರದ ಯೂರಿಯಾ ಕರಗಿಸಿ ಹಾಕಬಹುದೇ?

ಉತ್ತರ: ಹೀಗೇ ಓಡಿಸಿದರೆ ಲಾರಿ ನಿಮ್ಮನ್ನು ನಿಲ್ಲಿಸುತ್ತದೆ. ಯೂರೊ 6 ನಿಯಮದಂತೆ ಗುಣಮಟ್ಟದ ದೋಷ ದಾಖಲಾದ 10 ಗಂಟೆ ಎಂಜಿನ್ ಓಟದೊಳಗೆ ಸರಿಪಡಿಸದಿದ್ದರೆ ಟಾರ್ಕ್ ಶೇ 25ರಷ್ಟು ಕುಗ್ಗುತ್ತದೆ. 20 ಗಂಟೆ ಕಳೆದರೆ ವೇಗ ಗಂಟೆಗೆ 20 ಕಿ.ಮೀ.ಗೆ ಬಿಗಿಯುವ ಹಂತ.

ಡೆಫ್ ಎಂದರೆ ತೂಕದಲ್ಲಿ ಶೇ 32.5 ಯೂರಿಯಾ, ಉಳಿದದ್ದು ಖನಿಜ ತೆಗೆದ ನೀರು. ಐಎಸ್‌ಒ 22241 ಮಾನಕದ ಪ್ರಕಾರ ಯೂರಿಯಾ 31.8ರಿಂದ 33.2ರ ಒಳಗಿರಬೇಕು. ರಿಫ್ರ್ಯಾಕ್ಟೋಮೀಟರ್‌ನಲ್ಲಿ ಒಂದು ಹನಿ ಹಾಕಿ ನೋಡಿದರೆ ಸಾಂದ್ರತೆ ತಿಳಿಯುತ್ತದೆ. ಆದರೆ ಆ ಉಪಕರಣಕ್ಕೆ ಖನಿಜ ಕಾಣುವುದಿಲ್ಲ. ಮಾನಕದಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ, ಸೋಡಿಯಂಗಳಿಗೆ ಕಿಲೋಗೆ ತಲಾ 0.5 ಮಿಲಿಗ್ರಾಂ ಮಾತ್ರ ಅವಕಾಶ. ನಲ್ಲಿ ನೀರಿನಲ್ಲಿ ಇದರ ಹತ್ತಾರು ಪಟ್ಟು ಇರುತ್ತದೆ. ಅದು ನಾಝಲ್‌ನಲ್ಲಿ ಗಟ್ಟಿಯಾಗಿ, ಕ್ಯಾಟಲಿಸ್ಟ್ ಮೇಲೆ ಕೂತು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಗೊಬ್ಬರದ ಯೂರಿಯಾದಲ್ಲಿ ಬೈಯುರೆಟ್ ಎಂಬ ಕಲ್ಮಶ ಹೆಚ್ಚು, ಕಾಳಿನ ಮೇಲೆ ಲೇಪನ ಬೇರೆ. ಉಳಿಸುವುದು ಡ್ರಮ್ಮಿನ ಲೆಕ್ಕದಲ್ಲಿ, ಕಳೆದುಕೊಳ್ಳುವುದು ಕ್ಯಾಟಲಿಸ್ಟಿನ ಲೆಕ್ಕದಲ್ಲಿ. ಬೇಡವೇ ಬೇಡ.

ನಿಮ್ಮ ಸಮಸ್ಯೆಗೆ ಹುಡುಕಬೇಕಾದ ಕ್ರಮ: ಮೊದಲು ದ್ರಾವಣದ ವಯಸ್ಸು. 30 ಡಿಗ್ರಿಯಲ್ಲಿ ಇಟ್ಟರೆ ಸುಮಾರು 12 ತಿಂಗಳು, 35 ಡಿಗ್ರಿಯಲ್ಲಿ 6 ತಿಂಗಳು. ಬಿಸಿಲಿಗಿಟ್ಟ ಕ್ಯಾನ್ ಆದರೆ ಇನ್ನೂ ಕಡಿಮೆ. ಎರಡನೆಯದು ಡೀಸೆಲ್ ಬೆರಕೆ. ಡೆಫ್ ಟ್ಯಾಂಕಿಗೆ ಅಪ್ಪಿತಪ್ಪಿ ಸ್ವಲ್ಪ ಡೀಸೆಲ್ ಬಿದ್ದರೂ ಪಂಪಿನ ರಬ್ಬರ್ ಸೀಲುಗಳು ಉಬ್ಬಿ ಹಾಳಾಗುತ್ತವೆ. ಮೇಲ್ಮೈಯಲ್ಲಿ ಎಣ್ಣೆಯ ಬಣ್ಣದ ಪದರ ಕಂಡರೆ ಎಂಜಿನ್ ಚಾಲೂ ಮಾಡದೆ ಟ್ಯಾಂಕ್ ಖಾಲಿ ಮಾಡಿ. ದ್ರಾವಣ ಸರಿಯಿದ್ದರೆ ಮೂರನೆಯದಾಗಿ ಗುಣಮಟ್ಟದ ಸೆನ್ಸರ್, ನಾಲ್ಕನೆಯದಾಗಿ ಸೈಲೆನ್ಸರ್ ಬಳಿಯ ಡೋಸಿಂಗ್ ನಾಝಲ್. ಅದರ ಫ್ಲ್ಯಾಂಜ್ ಸುತ್ತ ಬಿಳಿ ಹರಳು ಕಟ್ಟಿದ್ದರೆ ಗ್ಯಾಸ್ಕೆಟ್ ಸೋರುತ್ತಿದೆ, ತುದಿಯಲ್ಲಿ ಕಟ್ಟಿದ್ದರೆ ಸಿಂಪರಣೆ ಹಾಳಾಗಿದೆ. ಹರಳನ್ನು ಬಿಸಿನೀರಿನಲ್ಲಿ ಕರಗಿಸಿ, ಸ್ಕ್ರೂಡ್ರೈವರ್‌ನಿಂದ ಕೆರೆಯಬೇಡಿ. ಸ್ಕ್ಯಾನರ್‌ನಲ್ಲಿ ಎಸ್‌ಪಿಎನ್ (ದೋಷದ ಸಂಖ್ಯೆ) 3364 ಬಂದಿದ್ದರೆ ಡೆಫ್ ಗುಣಮಟ್ಟದ ಕಡೆ, 4364 ಬಂದಿದ್ದರೆ ಎಸ್‌ಸಿಆರ್ ಪರಿವರ್ತನೆ ಸಾಲದು ಎಂಬ ಕಡೆ ಬೆರಳು. 4364 ಕಂಡ ಕೂಡಲೇ ಕ್ಯಾಟಲಿಸ್ಟ್ ಬದಲಿಸಬೇಡಿ. ಸುಳ್ಳು ಹೇಳುವ ನಾಕ್ಸ್ ಸೆನ್ಸರ್ ಮತ್ತು ಅರ್ಧ ಕಟ್ಟಿದ ನಾಝಲ್ ಇದೇ ಕೋಡನ್ನು ತರುತ್ತವೆ, ಮತ್ತು ಹೆಚ್ಚಾಗಿ ಕಾರಣ ಅವೇ ಆಗಿರುತ್ತವೆ.

ಸಂಗ್ರಹಕ್ಕೆ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಎಚ್‌ಡಿಪಿಇ ಪ್ಲಾಸ್ಟಿಕ್. ಹಿತ್ತಾಳೆ, ತಾಮ್ರ, ಗ್ಯಾಲ್ವನೈಸ್ಡ್ ತಗಡು ಕೂಡದು.

ಪ್ರಶ್ನೆ: ಡಿಪಿಎಫ್ ಪದೇ ಪದೇ ಕಟ್ಟುತ್ತಿದೆ. ನಿಲ್ಲಿಸಿ ರೀಜನರೇಷನ್ ಮಾಡಿದರೆ ಎರಡು ದಿನ ಸರಿ, ಮತ್ತೆ ಅದೇ ಕಥೆ.

ಉತ್ತರ: ಫಿಲ್ಟರಿನಲ್ಲಿ ಎರಡು ಬಗೆಯ ವಸ್ತು ಸೇರುತ್ತದೆ, ಮಸಿ ಮತ್ತು ಬೂದಿ. ಮಸಿ ಉರಿದು ಹೋಗುತ್ತದೆ: ಹೆದ್ದಾರಿಯಲ್ಲಿ 250ರಿಂದ 400 ಡಿಗ್ರಿಯಲ್ಲಿ ತಾನಾಗಿಯೇ, ಇಲ್ಲವೇ ಡೀಸೆಲ್ ಸಿಂಪಡಿಸಿ 550ರಿಂದ 600 ಡಿಗ್ರಿಗೆ ಏರಿಸಿದಾಗ. ಬೂದಿ ಉರಿಯುವುದಿಲ್ಲ. ಅದು ಎಂಜಿನ್ ಆಯಿಲ್‌ನಲ್ಲಿರುವ ಕ್ಯಾಲ್ಸಿಯಂ, ಸತುವಿನಂಥ ಲೋಹಗಳ ಶೇಷ. ರೀಜನರೇಷನ್ ಮುಗಿದ ಮೇಲೂ ಫಿಲ್ಟರಿನ ಎರಡು ಬದಿಯ ಒತ್ತಡದ ವ್ಯತ್ಯಾಸ ಇಳಿಯದಿದ್ದರೆ ಬೂದಿ ತುಂಬಿದೆ. ಕಳಚಿ, ತೂಗಿ, ಯಂತ್ರದಲ್ಲಿ ಗಾಳಿ ಊದಿಸಿ, ಮತ್ತೆ ತೂಗಬೇಕು. ಪ್ರೆಶರ್ ವಾಷರ್ ಹಿಡಿದರೆ ಬೂದಿ ಕೆಸರಾಗಿ ಕೊಳವೆಗಳ ತುದಿಯಲ್ಲಿ ಗಟ್ಟಿ ಕೂರುತ್ತದೆ.

ರೀಜನರೇಷನ್ ನಂತರ ಒತ್ತಡ ಇಳಿದು, ಎರಡೇ ದಿನಕ್ಕೆ ಮತ್ತೆ ಏರುವುದಾದರೆ ಮಸಿಯೇ ಹೆಚ್ಚು ಬರುತ್ತಿದೆ. ನಿಮ್ಮ ವಿವರಣೆ ಇದಕ್ಕೇ ಹೊಂದುತ್ತದೆ. ಸೋರುವ ಇಂಜೆಕ್ಟರ್, ಟರ್ಬೊ ಸೀಲಿನಿಂದ ಆಯಿಲ್, ಇಜಿಆರ್ ಕೂಲರ್ ಸೋರಿಕೆ, ಇಂಟರ್‌ಕೂಲರ್ ತೂತು, ಗಂಟೆಗಟ್ಟಲೆ ಐಡ್ಲಿಂಗ್ ಇವನ್ನು ಹುಡುಕದೆ ಫಿಲ್ಟರ್ ಬದಲಿಸಿದರೆ ಹೊಸದೂ ಅದೇ ಗತಿ ಕಾಣುತ್ತದೆ. ಕಡಿಮೆ ಬೂದಿಯ ಆಯಿಲ್ ಹಾಕುತ್ತಿದ್ದೀರಾ ನೋಡಿ: ಎಪಿಐ ಸಿಕೆ-4 ದರ್ಜೆ ಅಥವಾ ಎಂಜಿನ್ ತಯಾರಕರು ಹೇಳಿದ್ದು.

ಪ್ರಶ್ನೆ: ಡಿಪಿಎಫ್ ಫಿಲ್ಟರಿನ ಒಳಗಿನ ಸೆರಾಮಿಕ್ ಇಟ್ಟಿಗೆಯನ್ನು ಒಡೆದು ತೆಗೆದರೆ ಗೊತ್ತಾಗುತ್ತದೆಯೇ? ಹೊಗೆ ಮೀಟರ್ ಪಾಸು ಮಾಡುತ್ತದೆ ಎನ್ನುತ್ತಾರೆ.

ಉತ್ತರ: ಕಾನೂನುಬಾಹಿರ ಎಂಬುದು ಮೊದಲ ಮಾತು. ಮೀಟರ್ ಪಾಸು ಮಾಡಬಹುದು ಎಂಬುದೂ ನಿಜ, ಆಧುನಿಕ ಎಂಜಿನ್‌ನ ಮಸಿ ಅಷ್ಟು ಸಣ್ಣದು. ಅದಕ್ಕೇ ಜರ್ಮನಿ 2023ರ ಜುಲೈಯಿಂದ ಯೂರೊ 6 ಡೀಸೆಲ್ ವಾಹನಗಳಲ್ಲಿ ಕಣಗಳನ್ನೇ ಎಣಿಸುತ್ತಿದೆ: ಐಡಲ್‌ನಲ್ಲಿ ಒಂದು ಘನ ಸೆಂಟಿಮೀಟರಿಗೆ 2,50,000 ಮೀರಿದರೆ ಫೇಲ್. ಯಂತ್ರವಿಲ್ಲದೆಯೂ ಗೊತ್ತಾಗುತ್ತದೆ. ತಣ್ಣಗಾದ ಸೈಲೆನ್ಸರ್ ಬಾಯಿಯೊಳಗೆ ಬಿಳಿ ಬಟ್ಟೆ ಸುತ್ತಿದ ಬೆರಳು ಆಡಿಸಿ. ಡಿಪಿಎಫ್ ಆರೋಗ್ಯವಾಗಿದ್ದರೆ ಬಟ್ಟೆಗೆ ತುಸು ಬೂದು ಧೂಳು, ಒಡೆದಿದ್ದರೆ ಕಾಡಿಗೆ. ಸೆಕೆಂಡ್ ಹ್ಯಾಂಡ್ ಲಾರಿ ಕೊಳ್ಳುವವರು ಇದನ್ನು ಮಾಡದೆ ಮುಂಗಡ ಕೊಡಬಾರದು.

ಪ್ರಶ್ನೆ: ಪವರ್ ಹೆಚ್ಚಿಸಲು ಇಸಿಯು ರೀಮ್ಯಾಪ್ ಮಾಡಿಸಿದ್ದೇನೆ, ಅಂದರೆ ಎಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸಿದ್ದೇನೆ. ಹೊಗೆ ಚೆನ್ನಾಗೇ ಇದೆ. ತಪಾಸಣೆಗೆ ತೊಂದರೆಯೇ?

ಉತ್ತರ: ಒಬಿಡಿ ಓದುವ ಕಡೆ ತೊಂದರೆಯೇ. ಕಂಪ್ಯೂಟರ್ ತನ್ನ ತಂತ್ರಾಂಶದ ಗುರುತು ಸಂಖ್ಯೆಯ ಜೊತೆಗೆ ಆ ತಂತ್ರಾಂಶದ ಲೆಕ್ಕದಿಂದ ಬರುವ ಒಂದು ತಾಳೆ ಸಂಖ್ಯೆಯನ್ನೂ ಕೊಡುತ್ತದೆ. ಒಳಗೆ ಒಂದು ಅಂಕಿ ಬದಲಾದರೂ ತಾಳೆ ಸಂಖ್ಯೆ ಬೇರೆಯಾಗಿ, ತಯಾರಕರು ಕೊಟ್ಟ ಪಟ್ಟಿಗೆ ಹೊಂದುವುದಿಲ್ಲ. ಮೂಲ ತಂತ್ರಾಂಶವನ್ನು ಅಧಿಕೃತ ಸರ್ವಿಸ್ ಕೇಂದ್ರದಲ್ಲೇ ಮರಳಿ ಹಾಕಿಸಿ, ರಸೀದಿಯಲ್ಲಿ ಆ ಎರಡೂ ಸಂಖ್ಯೆ ಬರೆಸಿಕೊಳ್ಳಿ. ಮರಳಿ ಹಾಕಿದ ಮೇಲೆ ಮಾನಿಟರ್‌ಗಳು ಮತ್ತೆ ಅಪೂರ್ಣವಾಗಿರುತ್ತವೆ, ಆದ್ದರಿಂದ ಗಡುವಿಗೆ ಕೆಲವು ವಾರ ಇರುವಾಗಲೇ ಈ ಕೆಲಸ ಮುಗಿಸಿ.