ಗಂಡ ಟೆಕ್ಸಾಸ್‌ನಲ್ಲಿ, ನೀವು ನ್ಯೂಜರ್ಸಿಯಲ್ಲಿ: ಡಿವೋರ್ಸ್ ಎಲ್ಲಿ ಹಾಕೋದು?

ಅಕ್ಕಾ ಅಂತ ಕರೆದು ಕೇಳಿದ್ದೀರಿ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ. ಗಂಡ ಡಲ್ಲಾಸ್‌ನಲ್ಲೇ ಇದ್ದಾರೆ, ನೀವು ಮಗಳನ್ನು ಕರೆದುಕೊಂಡು ನ್ಯೂಜರ್ಸಿಯ ಅಣ್ಣನ ಮನೆಗೆ ಬಂದು ನಾಲ್ಕು ತಿಂಗಳಾಗಿದೆ, ವೀಸಾ ಎಚ್-4 (ಗಂಡನ ಕೆಲಸದ ವೀಸಾ ಮೇಲೆ ಹೆಂಡತಿಗೆ ಸಿಗೋದು), ಡಿವೋರ್ಸ್ ಇಲ್ಲೇ ಹಾಕಬಹುದಾ ಅಂತ ನಿಮ್ಮ ಪ್ರಶ್ನೆ. ಸದ್ಯಕ್ಕೆ ಆಗಲ್ಲ. ವ್ಯಭಿಚಾರದ ಆರೋಪ ಬಿಟ್ಟರೆ ನ್ಯೂಜರ್ಸಿಯಲ್ಲಿ ಒಂದು ವರ್ಷ ವಾಸ ಇದ್ದಿರಬೇಕು.

ಹಾಗಂತ ಅಲ್ಲಿವರೆಗೆ ಸುಮ್ನೆ ಕೂರಬೇಕಾಗಿಲ್ಲ. ಗಂಡ ಆರು ತಿಂಗಳಿಂದ ಟೆಕ್ಸಾಸ್ ನಿವಾಸಿಯಾಗಿದ್ದರೆ ನೀವು ನ್ಯೂಜರ್ಸಿಯಲ್ಲಿದ್ದುಕೊಂಡೇ ಅವರ ಕೌಂಟಿಯ (ಅಂದರೆ ಜಿಲ್ಲೆಯ) ಕೋರ್ಟಿನಲ್ಲಿ ಅರ್ಜಿ ಹಾಕಬಹುದು. ನನ್ನನ್ನು ಕೇಳಿದರೆ ಅದೇ ಒಳ್ಳೆಯದು. ಹತ್ತಿರದ ಕೋರ್ಟು ಸಲೀಸು ಅನ್ನಿಸುತ್ತೆ, ಆದರೆ ಅದು ಮದುವೆ ಮುರಿಯಬಹುದೇ ಹೊರತು, ಆ ರಾಜ್ಯದ ಜೊತೆ ಸಂಬಂಧವೇ ಇಲ್ಲದ ಗಂಡನ ಕೈಯಿಂದ ದುಡ್ಡು ಕೊಡಿಸೋ ಅಧಿಕಾರ ಅದಕ್ಕೆ ಇಲ್ಲದೇ ಹೋಗಬಹುದು. 1978ರಲ್ಲೇ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿದೆ: ನ್ಯೂಯಾರ್ಕ್‌ನ ಅಪ್ಪ ಮಗಳನ್ನು ಕ್ಯಾಲಿಫೋರ್ನಿಯಾದ ತಾಯಿ ಹತ್ತಿರ ಇರಲು ಬಿಟ್ಟ ಅನ್ನೋ ಒಂದೇ ಕಾರಣಕ್ಕೆ ಕ್ಯಾಲಿಫೋರ್ನಿಯಾ ಕೋರ್ಟು ಅವನ ಮೇಲೆ ಮಕ್ಕಳ ಖರ್ಚು ಹೇರುವಂತಿಲ್ಲ ಅಂತ. ಟೆಕ್ಸಾಸ್‌ನಲ್ಲಾದರೆ, ಮದುವೆಯಾದ ಮೇಲೆ ದುಡಿದದ್ದು ಖಾತೆ ಯಾರ ಹೆಸರಲ್ಲಿದ್ದರೂ ಸಾಮಾನ್ಯವಾಗಿ ಇಬ್ಬರದ್ದೂ. ಸರಿಯಾಗಿ ಅರ್ಧರ್ಧ ಆಗುತ್ತೆ ಅಂತಲ್ಲ, ಜಡ್ಜ್ ನೋಡಿ ಹಂಚುತ್ತಾರೆ.

ಮಗಳ ವಿಷಯವೂ ಸದ್ಯಕ್ಕೆ ಅಲ್ಲಿಗೇ ಸೇರಿದ್ದು. ಮಗು ಆರು ತಿಂಗಳು ಇದ್ದ ರಾಜ್ಯವೇ ಅದರ ಊರು ಅನ್ನೋದು ಲೆಕ್ಕ, ನಿಮಗಿನ್ನೂ ನಾಲ್ಕೇ ತಿಂಗಳು.

ಇದೆಲ್ಲಕ್ಕಿಂತ ಮೊದಲು ವೀಸಾ ನೋಡಿಕೊಳ್ಳಿ. ಅರ್ಜಿ ಹಾಕಿದರೆ ಎಚ್-4 ಹೋಗಲ್ಲ, ಕೊನೇ ಆದೇಶ ಬಂದ ದಿನ ಹೋಗುತ್ತೆ. ಟೆಕ್ಸಾಸ್‌ನಲ್ಲಿ ಅರ್ಜಿ ಹಾಕಿ 60 ದಿನ ಕಳೆದರೆ ಆದೇಶ ಆಗಬಹುದು, ಇಬ್ಬರೂ ಒಪ್ಪಿದ್ದರೆ ಅದು ಬೇಗನೇ ಬಂದುಬಿಡುತ್ತೆ. ಎಫ್-1ಗೋ (ಓದೋ ವೀಸಾ) ಎಚ್-1ಗೋ (ಕೆಲಸದ ವೀಸಾ) ಬದಲಾಯಿಸೋ ಆಲೋಚನೆ ಇದ್ದರೆ ಇಮಿಗ್ರೇಷನ್ ವಕೀಲರನ್ನು ಈ ವಾರವೇ ನೋಡಿ.

ಇನ್ನೊಂದು ಮಾತು. ಮದುವೆ ಆಗಿದ್ದು ಹಿಂದೂ ವಿವಾಹ ಕಾಯ್ದೆ ಪ್ರಕಾರ ಅಲ್ವಾ? ಒಬ್ಬರು ಒಪ್ಪದೆ, ಕೋರ್ಟಿಗೂ ಬರದೆ ಸಿಕ್ಕ ಅಮೆರಿಕದ ಡಿವೋರ್ಸ್ ಭಾರತದಲ್ಲಿ ನಿಲ್ಲೋದು ಕಷ್ಟ, ನರಸಿಂಹ ರಾವ್ ಪ್ರಕರಣದಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಿಂದ 1991ರಲ್ಲೇ ತೀರ್ಪು ಬಂದಿದೆ. ಇಬ್ಬರೂ ಒಪ್ಪಿ ಸಹಿ ಹಾಕಿದರೆ ತಲೆನೋವು ಕಡಿಮೆ.

ಗಂಡನೇ ಮೊದಲು ಅರ್ಜಿ ಹಾಕಿ, ಯಾರಾದರೂ ಬಾಗಿಲು ಬಡಿದು ಕೋರ್ಟಿನ ಕವರ್ ಕೊಟ್ಟರೆ ಹೆದರಿ ಪಕ್ಕಕ್ಕಿಡಬೇಡಿ. ನಾನು ವಾಷಿಂಗ್ಟನ್ ರಾಜ್ಯದಲ್ಲಿದ್ದಾಗ ಕ್ಯಾಲಿಫೋರ್ನಿಯಾದಿಂದ ಬಂದ ಕವರನ್ನು ಫ್ರಿಜ್ ಮೇಲೆ ಅಕ್ಕಿ ಡಬ್ಬದ ಹಿಂದೆ ಸಿಗಿಸಿ ಮೂರು ವಾರ ಮುಟ್ಟಲಿಲ್ಲ. ಉತ್ತರ ಕೊಡೋಕೆ ಇದ್ದದ್ದೇ 30 ದಿನ. ವಕೀಲರು ಫೋನಲ್ಲಿ ಮೊದಲು ಕೇಳಿದ್ದು, "ಕೈಗೆ ಸಿಕ್ಕಿದ್ದು ಯಾವ ತಾರೀಖು?" ಅಂತ, ನನಗೆ ನೆನಪೇ ಇರಲಿಲ್ಲ. ಟೆಕ್ಸಾಸ್‌ನದಾದರೆ ಇನ್ನೂ ಕಡಿಮೆ: ಸಿಕ್ಕಿ 20 ದಿನ ಕಳೆದ ಮೇಲೆ ಬರೋ ಸೋಮವಾರ ಬೆಳಿಗ್ಗೆ 10 ಗಂಟೆಯೊಳಗೆ. ಕವರ್ ಮೇಲೆ ಪೆನ್ನಲ್ಲಿ ತಾರೀಖು ಬರೆದು ಅವತ್ತೇ ಫೋಟೋ ತೆಗೆದು ವಕೀಲರಿಗೆ ಕಳಿಸಿ.