ಹೊಲಾ ಒಣಾ ಐತಿ, ಒಣಾ ಅಂತನ ಬರಸ್ರಿ

ಬೀಳಗಿ ತಾಲೂಕಿನ ಕೃಷ್ಣಾ ದಂಡೆಯ ಊರೊಂದರಿಂದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಸಂಗತಿ ಇಷ್ಟು. ಆಲಮಟ್ಟಿ ಜಲಾಶಯದ ಮಟ್ಟ 519.60 ಮೀಟರಿನಿಂದ 524.256 ಮೀಟರಿಗೆ ಏರಿದರೆ ಅವರ ನಾಲ್ಕು ಎಕರೆ ಎರೆಹೊಲ ಹಿನ್ನೀರಿಗೆ ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ ಬಿಟ್ಟರೆ ಆ ಹೊಲ ಬೇರೆ ಬೆಳೆ ಕಂಡಿಲ್ಲ. ಮಧ್ಯವರ್ತಿಯೊಬ್ಬ ಮನೆಗೆ ಬಂದು, ಮೋಜಣಿಯವರು ಬರುವ ಮೊದಲೇ ಒಂದು ಬೋರು ಕೊರೆಸಿ, ದಾಳಿಂಬೆ ಸಸಿ ಹಚ್ಚಿ, ಹತ್ತು ವರ್ಷದಿಂದ ನೀರಾವರಿ ಇದೆ ಎಂದು ಪಂಚರಿಂದ ಸಹಿ ಮಾಡಿಸಿದರೆ ಪರಿಹಾರ ಹೆಚ್ಚು ಬರುತ್ತದೆ, ಅದರಲ್ಲಿ ಮೂರನೆಯ ಒಂದು ಪಾಲು ತನಗೆ ಎಂದಿದ್ದಾನೆ. ಅಣ್ಣತಮ್ಮಂದಿರು ಒಪ್ಪಿದ್ದಾರೆ. ಆದರೆ ಹೊಲದ ಉತಾರದಲ್ಲಿ, ಅಂದರೆ ಪಹಣಿಯಲ್ಲಿ, ಇರುವುದು ತಾಯಿಯ ಹೆಸರು. ಮೂವತ್ತು ವರ್ಷ ಸಂಡೇಸ್ಕೂಲಿನಲ್ಲಿ ಕಲಿಸಿದ ಆ ತಾಯಿ ಸಹಿ ಹಾಕಲು ಒಲ್ಲೆನೆನ್ನುತ್ತಾರೆ. "ಅಬ್ರಹಾಮನಿಗೆ, ಯೋಬನಿಗೆ ದೇವರು ಆಸ್ತಿ ಕೊಡಲಿಲ್ಲವೇ? ಅವ್ವ ನಿಮ್ಮ ಪತ್ರಿಕೆ ತಪ್ಪದೆ ಓದುತ್ತಾಳೆ. ನೀವೊಂದು ಮಾತು ಬರೆದರೆ ಕೇಳುತ್ತಾಳೆ" ಎಂದು ಪತ್ರ ಮುಗಿದಿದೆ.

ಪ್ರಿಯ ಸಹೋದರರೇ,

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಮೊದಲ ಸಲ ಸಿಟ್ಟು ಬಂತು, ಎರಡನೆಯ ಸಲ ಕನಿಕರ. ಮೂರನೆಯ ಸಲ ಓದುವಾಗ ನಿಮ್ಮ ತಾಯಿಯವರ ಮಾತು ಕಣ್ಣಿಗೆ ಬಿತ್ತು. ನಾಲ್ಕು ಪುಟದಲ್ಲಿ ಅವರಿಗೆ ನೀವು ಕೊಟ್ಟದ್ದು ಒಂದೇ ಸಾಲು: "ಹೊಲಾ ಒಣಾ ಐತಿ, ಒಣಾ ಅಂತನ ಬರಸ್ರಿ ಅಂತಾಳ." ಮಧ್ಯವರ್ತಿಯ ಮಾತಿಗೆ ಒಂದೂವರೆ ಪುಟ ಕೊಟ್ಟಿದ್ದೀರಿ.

ನಿಮ್ಮ ಕಷ್ಟ ಸುಳ್ಳಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಜಲಾಶಯದ ಮಟ್ಟ ಏರಿಸಬಹುದು ಎಂದು ಕೃಷ್ಣಾ ಜಲವಿವಾದ ನ್ಯಾಯಾಧಿಕರಣ ತೀರ್ಪು ಕೊಟ್ಟದ್ದು 2010ರಲ್ಲಿ. ಅಂದಿನಿಂದ ಹೊಲವನ್ನು ಮಾರಲಾರದೆ, ಮನೆ ಕಟ್ಟಲಾರದೆ ಕಾಯುತ್ತ ಕುಳಿತವರ ನೋವು ಬೆಳಗಾವಿಯಲ್ಲಿ ಕುಳಿತ ನನಗಿಂತ ನಿಮಗೆ ಹೆಚ್ಚು ಗೊತ್ತು. ಇದೇ ಹಿನ್ನೀರಿಗಾಗಿ ಹಳೆಯ ಬಾಗಲಕೋಟೆಯ ಓಣಿಗಳನ್ನು ಬಿಟ್ಟು ನವನಗರಕ್ಕೆ ಹೋದವರ ಮನೆಗಳಲ್ಲಿ ಇಂದಿಗೂ ಆ ನೋವಿನ ಮಾತು ನಿಂತಿಲ್ಲ. ಕೊಟ್ಟ ಪರಿಹಾರ ಕಡಿಮೆ ಎನಿಸಿದರೆ ಐತೀರ್ಪನ್ನು, ಅಂದರೆ ಪರಿಹಾರ ಗೊತ್ತುಮಾಡಿದ ಆದೇಶವನ್ನು, ಒಪ್ಪಿಕೊಳ್ಳದೆ, 2013ರ ಭೂಸ್ವಾಧೀನ ಕಾಯ್ದೆಯ 64ನೆಯ ಕಲಂ ಪ್ರಕಾರ ಲಿಖಿತ ಅರ್ಜಿ ಕೊಟ್ಟು ಹೆಚ್ಚು ಕೇಳಿರಿ. ವಕೀಲರನ್ನು ಹಿಡಿಯಿರಿ, ಒಣ ಹೊಲಕ್ಕೇ ನ್ಯಾಯವಾದ ಬೆಲೆ ಕೇಳಿ ಜಗಳವಾಡಿರಿ. ನಿಮ್ಮ ತಾಯಿಯವರು ಇದಕ್ಕೆ ಎಲ್ಲಿಯೂ ಬೇಡ ಎಂದಂತೆ ಕಾಣಲಿಲ್ಲ. ಅವರು ಬೇಡ ಎಂದದ್ದು ದಾಳಿಂಬೆ ಸಸಿಗೆ.

ಬೈಬಲಿನ ಅಪೊಸ್ತಲರ ಕೃತ್ಯಗಳಲ್ಲಿ ಅನನೀಯ ಮತ್ತು ಸಪ್ಫೈರ ಭೂಮಿ ಮಾರಿದ ಗಂಡಹೆಂಡತಿ. ಅವರು ಸತ್ತದ್ದು ದುಡ್ಡು ಇಟ್ಟುಕೊಂಡದ್ದಕ್ಕೆ ಎಂದು ಬಹಳ ಜನ ತಿಳಿದಿದ್ದಾರೆ. ಅಪೊಸ್ತಲ ಪೇತ್ರನ ಮಾತು ಓದಿ ನೋಡಿರಿ. ಭೂಮಿ ನಿನ್ನದೇ ಆಗಿತ್ತು, ಮಾರಿದ ಮೇಲೆ ಬಂದ ಹಣವೂ ನಿನ್ನ ಕೈಯಲ್ಲೇ ಇತ್ತು ಎನ್ನುತ್ತಾನೆ. ಇಟ್ಟುಕೊಳ್ಳುವ ಹಕ್ಕು ಅವರಿಗಿತ್ತು. ಬೆಲೆ ಹೇಳುವಾಗ ಸುಳ್ಳು ಹೇಳಿದರು, ಅಷ್ಟೇ. ನಾಬೋತನ ದ್ರಾಕ್ಷಿತೋಟವನ್ನೂ ನೆನೆಯಿರಿ. ಆ ತೋಟ ಅರಸ ಅಹಾಬನ ಪಾಲಾದದ್ದು ಇಬ್ಬರು ಸುಳ್ಳು ಸಾಕ್ಷಿಗಳ ಬಾಯಿಂದ. ಅವರನ್ನು ಎದುರಿಗೆ ಕೂರಿಸಿ ನಾಬೋತನ ಮೇಲೆ ಸುಳ್ಳು ಹೇಳಿಸಿರಿ ಎಂದು ಅಹಾಬನ ಹೆಂಡತಿ ಈಜೆಬೆಲಳು ಕಾಗದ ಬರೆದು, ಅರಸನ ಮುದ್ರೆ ಒತ್ತಿ ಕಳಿಸಿದ್ದಳು. ಭೂಮಿಯ ಮೇಲೆ ಬೀಳುವ ಸುಳ್ಳು ಸಹಿಯ ಕತೆ ಬೈಬಲಿನಷ್ಟೇ ಹಳೆಯದು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಪ್ರವಾದಿ ಯೆರೆಮೀಯನ ಗ್ರಂಥದ ಮೂವತ್ತೆರಡನೆಯ ಅಧ್ಯಾಯ. ನಿಮ್ಮ ಊರಿನಲ್ಲಿ ಇದನ್ನು ಓದಲೇಬೇಕು. ಬಾಬೆಲಿನ ದಂಡು ಯೆರೂಸಲೇಮನ್ನು ಮುತ್ತಿದೆ, ನಾಡೆಲ್ಲ ಕೈಬಿಟ್ಟು ಹೋಗುವುದು ಖಾತ್ರಿ, ಯೆರೆಮೀಯ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನಲ್ಲಿದ್ದ ಚಿಕ್ಕಪ್ಪನ ಮಗನ ಹೊಲವನ್ನು ಕೊಳ್ಳುತ್ತಾನೆ. ಹದಿನೇಳು ಶೆಕೆಲ್ ಬೆಳ್ಳಿಯನ್ನು ತಕ್ಕಡಿಯಲ್ಲಿ ತೂಗಿ ಕೊಡುತ್ತಾನೆ. ಸಾಕ್ಷಿಗಳ ಎದುರಿಗೆ ಸಹಿ, ಮುದ್ರೆ ಹಾಕಿದ ಪತ್ರ ಒಂದು, ಮುದ್ರೆಯಿಲ್ಲದ ಪತ್ರ ಒಂದು. ಎರಡನ್ನೂ ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ನಾಳೆ ಶತ್ರುವಿನ ಪಾಲಾಗುವ ಹೊಲಕ್ಕೆ ಇಷ್ಟೊಂದು ಪ್ರಾಮಾಣಿಕ ಕಾಗದ! ನಾಳೆ ನೀರಿನಡಿ ಹೋಗುವ ಹೊಲದ ಉತಾರದಲ್ಲಿ ಏನು ಬರೆದರೇನು ಎಂದು ನೀವು ಕೇಳುತ್ತೀರಿ. ಹೊಲ ಮುಳುಗುತ್ತದೆ ಸಹೋದರರೇ, ಕಾಗದ ಮುಳುಗುವುದಿಲ್ಲ.

ಅಬ್ರಹಾಮನ ಹೆಸರೆತ್ತಿದ್ದೀರಿ. ಸೊದೋಮಿನ ಅರಸ ಲೂಟಿಯ ಮಾಲೆಲ್ಲ ನೀನೇ ಇಟ್ಟುಕೋ ಎಂದಾಗ, ಒಂದು ದಾರವನ್ನಾಗಲಿ ಕೆರದ ಬಾರನ್ನಾಗಲಿ ಮುಟ್ಟುವುದಿಲ್ಲ, ಅಬ್ರಾಮನನ್ನು ಐಶ್ವರ್ಯವಂತನನ್ನಾಗಿ ಮಾಡಿದವನು ನಾನೇ ಎಂದು ನೀನು ಹೇಳಬಾರದು ಎಂದವನು ಅವನೇ. ಹೆಂಡತಿಯನ್ನು ಹೂಳುವ ಜಾಗಕ್ಕೂ ನಾನೂರು ಶೆಕೆಲ್ ಪೂರ್ತಿ ಬೆಲೆ ತೂಗಿ ಕೊಟ್ಟ. ಇನ್ನು ಯೋಬ. ಎಲ್ಲವನ್ನೂ ಕಳೆದುಕೊಂಡ ಅವನಿಗೆ ಎರಡರಷ್ಟು ವಾಪಸು ಬಂದದ್ದು ಅವನ ಗ್ರಂಥದ ಕೊನೆಯ, ನಲವತ್ತೆರಡನೆಯ ಅಧ್ಯಾಯದಲ್ಲಿ. ಅದಕ್ಕೂ ಮೊದಲು, ಸಾಯುವ ತನಕ ನನ್ನ ಯಥಾರ್ಥತ್ವವನ್ನು ಬಿಡೆನು ಎಂದು ಬೂದಿಯಲ್ಲಿ ಕುಳಿತು ಗೆಳೆಯರೊಂದಿಗೆ ವಾದಿಸುತ್ತಾನೆ. ಆ ಅಧ್ಯಾಯಗಳನ್ನು ನಿಮ್ಮ ಅಣ್ಣತಮ್ಮಂದಿರಿಗೆ ಯಾರೂ ಓದಿ ಹೇಳಿಲ್ಲವೆಂದು ಕಾಣುತ್ತದೆ. ತಾಯಿಯವರನ್ನೇ ಕೇಳಿರಿ.

ದಾರದ ಮಾತು ಬಂತು, ನಮ್ಮ ಅಜ್ಜನ ನೆನಪಾಯಿತು. ಅವರು ಗುಳೇದಗುಡ್ಡದಲ್ಲಿ ರವಿಕೆಯ ಖಣ ನೇಯುತ್ತಿದ್ದರು. ಚಮಕಾ ಎಂದು ಕರೆಯುವ ಕೃತಕ ರೇಷ್ಮೆ ಪೇಟೆಗೆ ಬಂದಾಗ ಅದರ ಹೊಳಪಿಗೆ ಎಲ್ಲರೂ ಮರುಳಾದರು. ವ್ಯಾಪಾರಿಯೊಬ್ಬ, ಚಮಕಾ ಹಾಕಿ ನೇಯಿ, ರೇಷ್ಮೆ ಎಂದೇ ಮಾರೋಣ, ಹೆಣ್ಣುಮಕ್ಕಳಿಗೆ ಎಲ್ಲಿ ತಿಳಿಯುತ್ತದೆ ಎಂದ. ಅಜ್ಜ ಚಮಕಾ ನೇಯಲು ಒಪ್ಪಿದರು, ರೇಷ್ಮೆ ಎನ್ನಲು ಒಪ್ಪಲಿಲ್ಲ. ಖಣ ಕೊಳ್ಳಲು ಬಂದವರ ಎದುರಿಗೆ ಎರಡು ಎಳೆ ಕಿತ್ತು ದೀಪಕ್ಕೆ ಹಿಡಿಯುತ್ತಿದ್ದರು. ರೇಷ್ಮೆ ಕೂದಲು ಸುಟ್ಟ ವಾಸನೆ ಬಂದು ಕರಿ ಉಂಡೆಯಾಗಿ ಬೆರಳಲ್ಲಿ ಪುಡಿಯಾಗುತ್ತದೆ, ಚಮಕಾ ಕಾಗದದಂತೆ ಭಗ್ಗೆಂದು ಉರಿದು ಹೋಗುತ್ತದೆ. "ಇದು ಇದರ ಬೆಲೆ, ಅದು ಅದರ ಬೆಲೆ" ಎನ್ನುತ್ತಿದ್ದರು. ಆ ವ್ಯಾಪಾರಿ ನೂಲು ಕೊಡುವುದನ್ನು ನಿಲ್ಲಿಸಿದ. ಎರಡು ವರ್ಷ ನಮ್ಮ ಮನೆಯಲ್ಲಿ ಒಂದೇ ಮಗ್ಗ ಆಡಿತು, ನಮ್ಮ ಅತ್ತೆಯ ಮದುವೆ ಮುಂದೆ ಹೋಯಿತು. ಅಜ್ಜನಿಗೆ ಆಮೇಲೆ ಎರಡರಷ್ಟು ಬಂತು ಎಂದು ನಾನು ಬರೆಯಲಾರೆ, ಯಾಕೆಂದರೆ ಬರಲಿಲ್ಲ. ಸಾಯುವಾಗಲೂ ಒಂದೇ ಮಗ್ಗ ಇತ್ತು. ಅವರ ಮಣ್ಣಿಗೆ ಬಂದವರಲ್ಲಿ ನಮ್ಮ ಸಭೆಯವರಿಗಿಂತ ಖಣ ಕೊಂಡವರೇ ಹೆಚ್ಚಿದ್ದರು ಎಂದು ಅವ್ವ ಹೇಳುತ್ತಿದ್ದಳು.

ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನ ಕೆಲಸ ಸುರುವಾದದ್ದು 1851ರಲ್ಲಿ. ಜಾತಿ ಬಿಟ್ಟವನಿಗೆ, ಧರ್ಮ ಬಿಟ್ಟವನಿಗೆ ಪಿತ್ರಾರ್ಜಿತ ಆಸ್ತಿಯ ಹಕ್ಕು ತಪ್ಪಬಾರದು ಎಂಬ 21ನೆಯ ಕಾಯ್ದೆ ಬಂದದ್ದು ಅದಕ್ಕೂ ಒಂದು ವರ್ಷ ಹಿಂದೆ, 1850ರಲ್ಲಿ. ಅಂಥ ಕಾಯ್ದೆ ಬೇಕಾಯಿತು ಎಂದರೆ ಏನರ್ಥ? ನಂಬಿಕೆ ಬದಲಿಸಿದವನು ಹೊಲ ಕಳೆದುಕೊಳ್ಳುತ್ತಿದ್ದ. ಕಾಯ್ದೆ ಬಂದ ಮೇಲೂ ಊರ ಬಾವಿ, ಊರ ಬಂಧುತ್ವ ಯಾವ ಕಲಂನಿಂದಲೂ ವಾಪಸು ಬರಲಿಲ್ಲ. ಹೀಗೆ ಕೆಲಸ ಕಳೆದುಕೊಂಡು ಬಂದವರ ಹೊಟ್ಟೆಪಾಡಿಗೆಂದೇ ಮಿಷನ್ನಿನವರು ಮಗ್ಗ, ಹಂಚಿನ ಕಾರ್ಖಾನೆ ಹಾಕಬೇಕಾಯಿತು. ನಮ್ಮ ಹಿರಿಯರು ನಂಬಿಕೆಗಾಗಿ ಹೊಲ ಬಿಟ್ಟವರು. ಅವರ ಮೊಮ್ಮಕ್ಕಳಾದ ನಾವು ಹೊಲದ ದುಡ್ಡಿಗಾಗಿ ನಂಬಿಕೆಯ ಬಾಯಲ್ಲಿ ಸುಳ್ಳು ಹೇಳಿಸುತ್ತಿದ್ದೇವೆ. ಇದು ನನಗೆ ರಾತ್ರಿ ನಿದ್ದೆ ಕೆಡಿಸುವ ವಿಚಾರ.

ತಪ್ಪು ನಿಮ್ಮೊಬ್ಬರದಲ್ಲ. "ಆಶೀರ್ವಾದ" ಎಂಬ ಶಬ್ದವನ್ನು ನಾವೇ ಕೆಡಿಸಿದ್ದೇವೆ. ನಾನು ಹೋದ ಒಂದು ಕೂಟದಲ್ಲಿ ಕಾರು ಕೊಂಡವರನ್ನು, ಸೈಟು ಕೊಂಡವರನ್ನು ಮುಂದೆ ಕರೆದು ಸಾಕ್ಷಿ ಹೇಳಿಸಿದರು. ಹಿಂದಿನ ಸಾಲಿನಲ್ಲಿ ಅಂಗನವಾಡಿಯ ಸಹೋದರಿಯೊಬ್ಬರು ಕುಳಿತಿದ್ದರು. ಬಾರದ ಮಕ್ಕಳ ಹೆಸರಿಗೆ ಹಾಜರಿ ಹಾಕಿ ತತ್ತಿಯ ಲೆಕ್ಕ ತುಂಬು ಎಂದು ಒತ್ತಾಯಿಸಿದಾಗ, ಬಂದಷ್ಟೇ ಬರೆಯುತ್ತೇನೆ ಎಂದು ಆ ವರ್ಷವಿಡೀ ಕಿರುಕುಳ ತಿಂದವರು. ಅವರನ್ನು ಯಾರೂ ಮುಂದೆ ಕರೆಯಲಿಲ್ಲ. ಅವರ ಸಾಕ್ಷಿ ಸಾಕ್ಷಿಯಲ್ಲವೇ? ಸಭೆಯ ಚುನಾವಣೆಗೆ ದುಡ್ಡು ಹಂಚುವವರು, ಹಿರಿಯರು ಬಿಟ್ಟುಹೋದ ಜಾಗಕ್ಕೆ ಕಣ್ಣು ಹಾಕುವವರು ವೇದಿಕೆಯ ಮೇಲೆ ಕುಳಿತಾಗ ನಿಮ್ಮಂಥ ಯುವಕರಿಗೆ ಒಣ ಹೊಲ, ನೀರಾವರಿ ಹೊಲದ ಅಂತರ ಸಣ್ಣದಾಗಿ ಕಂಡರೆ ಅಚ್ಚರಿಯೇನು? ನಾವು ಹೇಳದೆ ಬಿಟ್ಟ ಪಾಠವನ್ನು ಈ ನಾಡಿನ ಮಣ್ಣು ಹೇಳುತ್ತಲೇ ಇದೆ. ಗಂಡ ಆ ಹೊತ್ತಿನ ಗಂಜಿಗೆ ಬೇಕಾದದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ತಂದಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದ ಬಸವಣ್ಣನವರ ಕಾಲದ ಶರಣೆ ಆಯ್ದಕ್ಕಿ ಲಕ್ಕಮ್ಮ ಕ್ರೈಸ್ತಳಲ್ಲ. ನಿಮ್ಮ ತಾಯಿಯವರು ಆಕೆಯ ಪಕ್ಕದಲ್ಲಿ ಕೂರಲು ತಕ್ಕವರು.

ಹಾಗಾಗಿ ನೀವು ಕೇಳಿದ ಮಾತನ್ನು ತಾಯಿಯವರಿಗೆ ನಾನು ಬರೆಯುವುದಿಲ್ಲ. ಮೋಜಣಿಯವರು ಬರುವ ದಿನ ಅವರನ್ನು ಹೊಲಕ್ಕೆ ಕರೆದುಕೊಂಡು ಹೋಗಿರಿ, ಬದುವಿನ ಮೇಲೆ ನೆರಳಿಗೊಂದು ಕೊಡೆ ಹಿಡಿದು ಪಕ್ಕದಲ್ಲಿ ನಿಂತುಕೊಳ್ಳಿರಿ. ಅವರು ಹೇಳಿದಂತೆ ಬರೆದ ಮೇಲೆ ಎರಡು ಸಲ ಓದಿಸಿ ಕೇಳಿ ಸಹಿ ಹಾಕಿಸಿರಿ. ಒಂದು ಪ್ರತಿ ಇಟ್ಟುಕೊಳ್ಳಿರಿ, 64ನೆಯ ಕಲಂನ ಅರ್ಜಿಗೆ ಬೇಕಾಗುತ್ತದೆ.

ಇನ್ನೊಂದು. ನಾಲ್ಕು ಪುಟದಲ್ಲಿ ಎಲ್ಲಿಯೂ ಅವರ ಹೆಸರು ಬರೆದಿಲ್ಲ. ಅಚ್ಚು ಹಾಕುವುದಕ್ಕಲ್ಲ, ನಮ್ಮ ಮನೆಯ ಸಂಜೆಯ ಪ್ರಾರ್ಥನೆಯಲ್ಲಿ ನೆನೆಯುವುದಕ್ಕೆ ಬೇಕು. ಮರುಟಪಾಲಿಗೆ ಬರೆದು ಕಳಿಸಿರಿ.