ಓದುಗರ ಪ್ರಶ್ನೆ: ಬಾಗಿಲ ಬಿಸಿಲು, ನವರಂಗದ ಕತ್ತಲೆ

ಪ್ರಶ್ನೆ: ಹೊಯ್ಸಳ ದೇವಾಲಯವೊಂದರ ನವರಂಗದಲ್ಲಿ ಐದು ಎಕ್ಸ್‌ಪೋಷರ್ (ಬೇರೆ ಬೇರೆ ಶಟರ್ ವೇಗದ ಚಿತ್ರ) ತೆಗೆದು ಎಚ್‌ಡಿಆರ್ (ಅವನ್ನು ಕೂಡಿಸಿ ಬಿಸಿಲೂ ನೆರಳೂ ಕಾಣುವ ಒಂದೇ ಚಿತ್ರ) ಮಾಡಿದೆ. ಬಾಗಿಲ ಚೌಕಟ್ಟಿನ ಸುತ್ತ ಕಪ್ಪು ಪಟ್ಟಿ ಬಂದಿದೆ, ಕಂಬಗಳೆಲ್ಲ ಬೂದಿ ಬಳಿದಂತೆ ಕಾಣುತ್ತವೆ. ತಪ್ಪಾಗಿದ್ದು ತೆಗೆಯುವಾಗಲೋ, ಜೋಡಿಸುವಾಗಲೋ?

ಉತ್ತರ: ಎರಡೂ ಟೋನ್ ಮ್ಯಾಪಿಂಗ್ ಹಂತದ, ಅಂದರೆ ಕೂಡಿಸಿದ ಬೆಳಕಿನ ವ್ಯಾಪ್ತಿಯನ್ನು ಪರದೆಗೆ ತಕ್ಕಂತೆ ಕುಗ್ಗಿಸುವ ಹಂತದ ದೋಷಗಳು. ಐದನ್ನೂ ಸರಿಯಾಗಿ ಕೂಡಿಸಿದ ಫೈಲಿನಲ್ಲಿ ಹೊರಗಿನ ಬಿಸಿಲೂ ಒಳಗಿನ ಮಬ್ಬೂ ನಿಜವಾದ ಅನುಪಾತದಲ್ಲೇ ಇರುತ್ತವೆ. ಅಷ್ಟು ವ್ಯಾಪ್ತಿಯನ್ನು ಸಾಮಾನ್ಯ ಪರದೆ ತೋರಿಸಲಾರದ್ದರಿಂದ ಕುಗ್ಗಿಸಬೇಕಾಗುತ್ತದೆ, ಪಟ್ಟಿ ಹುಟ್ಟುವುದು ಅಲ್ಲಿ. ಸ್ಥಳೀಯ ವಿಧಾನಗಳು ಪ್ರತಿ ಪಿಕ್ಸೆಲ್ಲಿನ ನೆರೆಹೊರೆಯ ಸರಾಸರಿ ಬೆಳಕನ್ನು ನೋಡಿ ಅದನ್ನು ಏರಿಸುತ್ತವೆ ಇಲ್ಲವೇ ಇಳಿಸುತ್ತವೆ. ಬಾಗಿಲ ಪಕ್ಕದ ಗೋಡೆಯ ಸರಾಸರಿಗೆ ಹೊರಗಿನ ಬಿಸಿಲೂ ಸೇರಿಕೊಳ್ಳುವುದರಿಂದ ತಂತ್ರಾಂಶ ಆ ಗೋಡೆಯನ್ನು ಬೆಳಕಿನ ಜಾಗವೆಂದೇ ಎಣಿಸಿ ಇನ್ನಷ್ಟು ಕಪ್ಪು ಮಾಡುತ್ತದೆ. ಗೋಪುರದ ಅಂಚಿನಲ್ಲಿ ಆಕಾಶ ಬೆಳ್ಳಗೆ ಹೊಳೆಯುವುದಕ್ಕೂ ಇದೇ ಕಾರಣ.

2002ರಲ್ಲಿ ಸಂಶೋಧಕರಾದ ಡ್ಯುರಾಂಡ್ ಮತ್ತು ಡಾರ್ಸಿ ಇದಕ್ಕೆ ಒಳ್ಳೆಯ ದಾರಿ ತೋರಿಸಿದರು. ಬೆಳಕಿನ ಲಾಗರಿದಮ್ ತೆಗೆದುಕೊಂಡು, ಬೈಲ್ಯಾಟರಲ್ ಫಿಲ್ಟರ್‌ನಿಂದ ಚಿತ್ರವನ್ನು ತಳಪದರ (ದೊಡ್ಡ ಬೆಳಕು-ನೆರಳು), ವಿವರಪದರ (ಸಣ್ಣ ಗೆರೆಗಳು) ಎಂದು ಎರಡಾಗಿ ಬಿಡಿಸುವುದು. ಈ ಫಿಲ್ಟರ್ ಹತ್ತಿರವಿರುವ, ಜೊತೆಗೆ ಹೊಳಪಿನಲ್ಲೂ ಸಮೀಪವಿರುವ ಪಿಕ್ಸೆಲ್‌ಗಳಿಗೇ ಹೆಚ್ಚು ತೂಕ ಕೊಡುವುದರಿಂದ ಬಿಸಿಲು ಗೋಡೆಯ ಲೆಕ್ಕಕ್ಕೆ ಬರುವುದಿಲ್ಲ. ಕುಗ್ಗಿಸುವುದು ತಳಪದರವನ್ನು ಮಾತ್ರ, ಕಡೆದ ಕಂಬದ ಗೆರೆಗಳಿರುವ ವಿವರಪದರ ಹಾಗೇ ಉಳಿಯುತ್ತದೆ. ಫಿಲ್ಟರ್‌ಗೆ ಅವರು ಬಳಸಿದ ಅಳತೆ: ನೆರೆಹೊರೆಯ ಹರವು ಚಿತ್ರದ ಗಾತ್ರದ ಶೇ. 2ರಷ್ಟು, ಹೊಳಪಿನ ಹರವು 0.4 (ಹತ್ತರ ಲಾಗ್). ಉಚಿತ ತಂತ್ರಾಂಶವಾದ ಲ್ಯೂಮಿನೆನ್ಸ್ ಎಚ್‌ಡಿಆರ್‌ನಲ್ಲಿ ‘ಡ್ಯುರಾಂಡ್’ ಆಯ್ದು ಇಲ್ಲಿಂದ ಶುರುಮಾಡಿ.

ಬೂದಿ ಬಣ್ಣ ಬರುವುದು ತಳಪದರವನ್ನು ವಿಪರೀತ ಕುಗ್ಗಿಸಿದಾಗ. ಆಗ ನೆರಳೂ ಬೆಳಕೂ ಒಂದೇ ಮಟ್ಟಕ್ಕೆ ಬಂದು ನಿಲ್ಲುತ್ತವೆ. ರೈನ್‌ಹಾರ್ಡ್ ವಿಧಾನದಲ್ಲಾದರೆ (ಅದೂ 2002ರದೇ) ‘ಕೀ’ (ಚಿತ್ರದ ಒಟ್ಟಾರೆ ಹೊಳಪನ್ನು ನಿರ್ಧರಿಸುವ ಅಂಕಿ) ಬೆಲೆ ಸಾಮಾನ್ಯವಾಗಿ 0.18, ಕತ್ತಲ ಒಳಾಂಗಣಕ್ಕೆ 0.09ಕ್ಕೆ ಇಳಿಸಿ. ನವರಂಗ ಮಬ್ಬಾಗಿಯೇ ಕಾಣಬೇಕು. ಕತ್ತಲೆಯನ್ನೆಲ್ಲ ಅಳಿಸಿದ ಚಿತ್ರ ಆ ಜಾಗದ ಚಿತ್ರವೇ ಅಲ್ಲ.

ಪ್ರಶ್ನೆ: ಎಷ್ಟು ಚಿತ್ರ, ಎಷ್ಟು ಅಂತರದಲ್ಲಿ ತೆಗೆಯಬೇಕು?

ಉತ್ತರ: ಟ್ರೈಪಾಡ್ ಬೇಕು. ಸಂರಕ್ಷಿತ ಸ್ಮಾರಕವಾದರೆ ಮೊದಲೇ ಅನುಮತಿ ಕೇಳಿ. ಐಎಸ್‌ಒ 100, ಅಪರ್ಚರ್ ಎಫ್/8, ವೈಟ್ ಬ್ಯಾಲೆನ್ಸ್, ಫೋಕಸ್ ಎಲ್ಲ ಸ್ಥಿರವಾಗಿಟ್ಟು ಶಟರ್ ಮಾತ್ರ ಬದಲಿಸಿ. ಅಪರ್ಚರ್ ಬದಲಾದರೆ ಫೋಕಸ್‌ನ ಆಳವೂ ಬದಲಾಗಿ ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಎರಡೆರಡು ಸ್ಟಾಪ್ ಅಂತರ ಸಾಕು (ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ): ಉದಾಹರಣೆಗೆ 1/500, 1/125, 1/30, 1/8, 1/2 ಸೆಕೆಂಡ್. ಅತಿ ವೇಗದ ಚಿತ್ರದಲ್ಲಿ ಹಿಸ್ಟೋಗ್ರಾಮ್ (ಎಡಕ್ಕೆ ಕಪ್ಪು, ಬಲಕ್ಕೆ ಬಿಳುಪು ತೋರಿಸುವ ಹೊಳಪಿನ ನಕ್ಷೆ) ಬಲಗೋಡೆಗೆ ತಾಗಬಾರದು, ಅತಿ ನಿಧಾನದ್ದರಲ್ಲಿ ಎಡಗೋಡೆಗೆ ಅಂಟಬಾರದು. ತಾಗಿದರೆ ಆ ಕಡೆಗೆ ಇನ್ನೊಂದು ತೆಗೆಯಿರಿ.

ಫೈಲ್ ‘ರಾ’ (ಕ್ಯಾಮೆರಾ ಸಂಸ್ಕರಿಸದ ಮೂಲ ದತ್ತಾಂಶ) ಇರಲಿ, ಅದರ ಅಂಕಿಗಳು ಬೆಳಕಿನ ಅನುಪಾತದಲ್ಲೇ ಇರುತ್ತವೆ. ಜೆಪೆಗ್‌ನಲ್ಲಿ ಕ್ಯಾಮೆರಾ ತನ್ನದೇ ವಕ್ರರೇಖೆ ಹಾಕಿಬಿಟ್ಟಿರುತ್ತದೆ. ಆ ರೇಖೆಯನ್ನು ಚಿತ್ರಗಳಿಂದಲೇ ಹಿಂದಕ್ಕೆ ಲೆಕ್ಕಹಾಕುವ ವಿಧಾನವನ್ನು ಡೆಬೆವೆಕ್ ಮತ್ತು ಮಲಿಕ್ 1997ರಲ್ಲಿ ಕೊಟ್ಟರು. ಕೂಡಿಸುವಾಗ ಮಧ್ಯದ ಬೆಲೆಗಳನ್ನು ಹೆಚ್ಚು ನಂಬಿ, ತೀರಾ ಕಪ್ಪು ಬಿಳುಪನ್ನು ಕಡಿಮೆ ನಂಬುವುದೂ ಅದರಲ್ಲೇ ಇದೆ.

ಪ್ರಶ್ನೆ: ಎಕ್ಸ್‌ಪೋಷರ್ ಫ್ಯೂಷನ್ ಸುಲಭವಂತೆ, ಅದೇ ಸಾಲದೇ?

ಉತ್ತರ: ನೋಡಲಷ್ಟೇ ಬೇಕಿದ್ದರೆ ಸಾಕು. ಮರ್ಟೆನ್ಸ್ ಮತ್ತು ಸಂಗಡಿಗರ ಈ ವಿಧಾನ (2007) ಪ್ರತಿ ಚಿತ್ರದಿಂದ ಚೆನ್ನಾಗಿ ಮೂಡಿದ ಭಾಗಗಳಿಗೆ ತೂಕ ಕೊಟ್ಟು ಬೆರೆಸುತ್ತದೆ. ಶಟರ್ ವೇಗ ತಿಳಿದಿರಬೇಕಿಲ್ಲ, ಎನ್‌ಫ್ಯೂಸ್ ಎಂಬ ಉಚಿತ ಸಾಧನವೂ ಇದೆ. ಆದರೆ ಬೆಳಕಿನ ನಿಜ ಅಳತೆ ಅದರಲ್ಲಿ ಉಳಿಯದು. ದಾಖಲೆಗಾಗಿ ತೆಗೆಯುತ್ತಿದ್ದರೆ ಕೂಡಿಸಿದ ಫೈಲನ್ನು ಬೆಳಕಿನ ವ್ಯಾಪ್ತಿಯನ್ನು ಉಳಿಸಿಕೊಳ್ಳುವ ಓಪನ್‌ಇಎಕ್ಸ್‌ಆರ್ ರೂಪದಲ್ಲಿ, ಮೂಲ ರಾ ಫೈಲುಗಳ ಜೊತೆಗೇ ಇಟ್ಟುಕೊಳ್ಳಿ.